ಉಪ್ಪು ಮುಟ್ಟದೆ ಕಂಡ ವಸಂತ

ಬೇಗೂರು

ನೌಕರಿಯಲ್ಲಿದ್ದಷ್ಟು ಕಾಲವೂ ನಾನು ಬೇರೆಯವರನ್ನು ಪರಸ್ಥಳಕ್ಕೆ ಕಳಿಸಿದವನೇ ಹೊರತು ಸ್ವತಃ ಹೋದವನಲ್ಲ. ಗುಂಡ್ಲುಪೇಟೆ ಬಸ್ ನಿಲ್ದಾಣದ ಕಂಟ್ರೋಲರ್ ಗೂಡಿನಲ್ಲಿ ಕುಳಿತು, ಊಟಿಯವರನ್ನು ಊಟಿಗೆ, ಬತ್ತೇರಿಯವರನ್ನು ಬತ್ತೇರಿಗೆ ಮೈಕಿನಲ್ಲಿ ಕೂಗಿ ಕೂಗಿ ಹತ್ತಿಸಿ, ಸಂಜೆ ಬೇಗೂರಿನ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಹೀಗೆ ಲೋಕಸಂಚಾರವನ್ನು ಕುಳಿತಲ್ಲೇ ಮುಗಿಸಿ ನಿವೃತ್ತನಾದವನನ್ನು ಈ ಇಳಿವಯಸ್ಸಿನಲ್ಲಿ ಸ್ಕಾಟ್ಲೆಂಡಿಗೆ ಹೊರಡಿಸಿದವಳು ನನ್ನ ಅಕ್ಕ ದೊಡ್ಡತಾಯಮ್ಮ. ಅವಳ ದನಿಗೆ ಮೈಕು ಬೇಕಿಲ್ಲ.

ಊರಿಗೆ ಹೇಳಿದ ಕಾರಣ ಬೇರೆ. ಅಕ್ಕನ ಒಬ್ಬಳೇ ಮಗಳು ರೇಣುಕ ಆ ದೇಶದ ಉತ್ತರಕ್ಕಿರುವ ಇನ್ವರ್ನೆಸ್ ಎಂಬ ಊರಿನಲ್ಲಿ ನರ್ಸು. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ಮಾದೇಶನನ್ನು ಮದುವೆಯಾಗಿ ಅವನನ್ನೂ ಅಲ್ಲಿಗೇ ಕರೆಸಿಕೊಂಡಿದ್ದಳು. ಅವನಿಗೆ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ. "ಮಾವ, ಇಲ್ಲಿ ಈಗ ವಸಂತಕಾಲ. ಇಬ್ಬರ್ಗೂ ರಜ ಅದೆ. ಬನ್ನಿ, ಮೀನ್ ಹಿಡಿಯನ, ಡೇರೆ ಹಾಕನ, ಹಕ್ಕಿ ನೋಡನ" ಎಂದು ಅವಳೇ ಟಿಕೆಟ್ ಕಳಿಸಿದಳು. ವಿಷಯ ಬೇಗೂರಿನ ಟೀ ಅಂಗಡಿಯಲ್ಲಿ ಗಂಭೀರ ಚರ್ಚೆಗೆ ಬಂತು. ಬಂಡೀಪುರದ ಕಾಡನ್ನು ಹಿತ್ತಲಲ್ಲಿಟ್ಟುಕೊಂಡವನು ಕಾಡು ನೋಡಲು ವಿಮಾನ ಹತ್ತಬಹುದೇ ಎಂಬುದು ಸಭೆಯ ಮುಂದಿದ್ದ ಪ್ರಶ್ನೆ.

"ಇಲ್ಲಿ ಆನೆಗಳೇ ನಮ್ಮನ್ನ ನೋಡಕ್ ಬತ್ತವೆ. ಅಲ್ಲಿ ನೀವೇ ಓಗಿ ನೋಡ್ಬೇಕಾ? ಪ್ರಾಣಿಗಳ್ಗೆ ಮರ್ವಾದೆ ಕಲಿಸ್ದಿರ ದೇಸ ಬುಡಿ" ಎಂದು ಅಂಗಡಿಯವನು ತೀರ್ಪು ಕೊಟ್ಟ.

ನಿಜವಾದ ಕಾರಣವನ್ನು ಅಕ್ಕ ಅಡುಗೆಮನೆಯಲ್ಲಿ ಹೇಳಿದಳು. "ಫೋನ್ ಮಾಡುದ್ರೆ ಅವ್ನು ಒಂದ್ಕಡೆಯಿಂದ ಮಾತಾಡ್ತಾನೆ, ಇವ್ಳು ಒಂದ್ಕಡೆಯಿಂದ. ಒಂದು ಫೋನ್ನಲ್ಲಿ ಎರಡು ಮೊಖ ಕಂಡು ಯಾವ ಕಾಲಾಯ್ತೋ ಕಣ್ಲಾ. ನೀನು ಓಗಿ ನ್ಯಾಯ ಮಾಡ್ಬುಟ್ಟು ಬಾ. ಗೋಪಾಲಸ್ವಾಮಿಗೆ ಮುಡುಪು ಕಟ್ಟಿವ್ನಿ. ಇಬ್ಬರ್ನೂ ಜೊತೇಲಿ ಬೆಟ್ಟ ಹತ್ತಿಸ್ಬೇಕು."

ಇಲ್ಲಿ ನನ್ನ ಮನೆತನದ ಬಗ್ಗೆ ಒಂದು ಮಾತು ಹೇಳಲೇಬೇಕು. ತಾತನ ಕಾಲದಿಂದ ನಮ್ಮದು ಗಂಡ ಹೆಂಡಿರ ನ್ಯಾಯ ಮಾಡುವ ಮನೆ. ಆಸ್ತಿ ನ್ಯಾಯ, ಬದುವಿನ ನ್ಯಾಯ ನಮಗೆ ಒಗ್ಗವು. ಕಟ್ಟಳೆ ಎರಡೇ. ಮೊದಲನೆಯದು, ಇಬ್ಬರನ್ನೂ ಮನಸಾರೆ ಬೈದಾಡಿಸಬೇಕು. ಎರಡನೆಯದು, ನ್ಯಾಯ ತೀರುವವರೆಗೆ ನ್ಯಾಯ ಹೇಳುವವನು ಆ ಮನೆಯ ಉಪ್ಪು ಮುಟ್ಟಬಾರದು. ತೀರಿದ ಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಅವನ ಎಲೆಯ ತುದಿಗೆ ಉಪ್ಪು ಬಡಿಸಬೇಕು, ಆಗ ಅವನು ಉಣ್ಣಬೇಕು. ತಾತ ಎಷ್ಟೋ ಸಂಸಾರಗಳನ್ನು ಉಳಿಸಿದ್ದು ಬುದ್ಧಿಯಿಂದಲ್ಲ, ಈ ಕಟ್ಟಳೆಯಿಂದ. ಹಸಿದ ಮುದುಕನೊಬ್ಬ ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿರುವಾಗ ಯಾರು ತಾನೆ ಎಷ್ಟು ಹೊತ್ತು ಜಗಳವಾಡಿಯಾರು? ಆ ಮನೆತನದಲ್ಲಿ ಸೋತು ಎದ್ದು ಬಂದವರಿಲ್ಲ. ಬೇರೆ ಮಾಡಿದವರಂತೂ ಇಲ್ಲವೇ ಇಲ್ಲ.

ಅಕ್ಕ ಹೆಣ್ಣಿನ ತಾಯಿಯಾದ್ದರಿಂದ ಅವಳೂ ಪಕ್ಷಗಾರ್ತಿಯೇ. ಆದಕಾರಣ ಅವಳ ಮನೆಯ ಉಪ್ಪೂ ನಿಷಿದ್ಧ. ಅವಳಿಗೆ ಇದು ಗೊತ್ತು. ಚೀಲದ ತುಂಬ ಹುರಿಹಿಟ್ಟು, ಬೆಲ್ಲ, ಕೊಬ್ಬರಿ ತುಂಬಿದಳು. ಬಸ್ಸು ಹತ್ತಿಸುವಾಗ ಹೇಳಿದ್ದು ಒಂದೇ ಮಾತು: "ಜೋಡಿ ಮಾಡ್ಬುಟ್ಟೇ ಬಾ. ಇಲ್ದೆಯಿದ್ರೆ ನಂಗೆ ಮೊಖ ತೋರಿಸ್ಬೇಡ."

ಇನ್ವರ್ನೆಸ್

ವಿಮಾನ ನಿಲ್ದಾಣಕ್ಕೆ ಇಬ್ಬರೂ ಬಂದಿದ್ದರು. ಒಬ್ಬರು ನನ್ನ ಎಡಕ್ಕೆ ನಿಂತರು, ಒಬ್ಬರು ಬಲಕ್ಕೆ. ಮಾದೇಶ ಪೆಟ್ಟಿಗೆ ಎತ್ತಿ ಕಾರಿಗೆ ಹಾಕಿದ. ರೇಣುಕ, "ಥ್ಯಾಂಕ್ಸ್" ಎಂದಳು. ಅವನು, "ಪರ್ವಾಗಿಲ್ಲ" ಎಂದ.

ಹೊಡೆದಾಡಿ ತಲೆ ಒಡೆದುಕೊಂಡು ಬಂದವರನ್ನು ಜೋಡಿ ಮಾಡಿದ್ದೇನೆ. ಒಬ್ಬಳು ಒನಕೆಯೊಂದಿಗೇ ನ್ಯಾಯಕ್ಕೆ ಬಂದಿದ್ದಳು, ಅವಳಿಗೀಗ ಮೊಮ್ಮಕ್ಕಳು. ಆದರೆ ಹೆಂಡತಿ ಗಂಡನಿಗೆ ಥ್ಯಾಂಕ್ಸ್ ಹೇಳಿದ ಕಾಯಿಲೆಗೆ ನಮ್ಮಲ್ಲಿ ಮದ್ದಿಲ್ಲ.

ಊರಿನ ವಿಚಾರ. ಅದನ್ನು ವಸಂತಕಾಲವೆಂದು ಅವರು ಕರೆಯುತ್ತಾರೆ, ನಾವು ವಾದ ಮಾಡಬಾರದು. ನಮ್ಮ ಮಾರ್ಗಶಿರದ ಚಳಿ ಅದರ ಮುಂದೆ ಮಗು. ಅಂಥದರಲ್ಲಿ ಮೋಡದ ಸಂದಿಯಿಂದ ಒಂದು ಬೊಗಸೆ ಬಿಸಿಲು ಬಿದ್ದರೆ ಸಾಕು, ಗಂಡಸರು ಹೆಂಗಸರು ಕಚೇರಿ ಬಿಟ್ಟು ಓಡಿಬಂದು, ತೋಳು ಕಾಲು ಬರಿದು ಮಾಡಿ ಹುಲ್ಲಿನ ಮೇಲೆ ಒರಗುತ್ತಾರೆ. ಅಟ್ಟದಲ್ಲಿ ಮುಗ್ಗು ಹಿಡಿದ ಹಪ್ಪಳವನ್ನು ಯಾರೋ ಬಿಸಿಲಿಗೆ ಹರವಿದಂತೆ ಕಾಣುತ್ತದೆ. ರಸ್ತೆ ಬದಿಯಲ್ಲೆಲ್ಲ ಹಳದಿ ಹೂವು, ಬೇಲಿಯಿಲ್ಲ, ಕಾವಲಿಲ್ಲ. ಯಾರೂ ಕೀಳುವುದಿಲ್ಲ. ನಮ್ಮ ಗುಂಡ್ಲುಪೇಟೆಯ ಚೆಂಡುಹೂವು ಅರಳಿದ ಮಾರನೆಯ ದಿನವೇ ಲಾರಿ ಹತ್ತಿ ಕೇರಳಕ್ಕೆ ಹೊರಡುತ್ತದೆ. ಇಲ್ಲಿಯ ಹೂವುಗಳಿಗೆ ಯಾವ ಕೆಲಸವೂ ಇಲ್ಲ, ನಿವೃತ್ತಿ ಹೊಂದಿದಂತೆ ನಿಂತಿರುತ್ತವೆ.

ಮನೆಯಲ್ಲಿ ರೇಣುಕ ಮುದ್ದೆ ಮಾಡಿ ಬಸ್ಸಾರು ಕಾಯಿಸಿದ್ದಳು. ಆ ಒಗ್ಗರಣೆಯ ವಾಸನೆಗೆ ಪರದೇಶವೇ ಒಂದು ಕ್ಷಣ ಸ್ವದೇಶವಾಯಿತು. ನಾನು ಚೀಲ ಬಿಚ್ಚಿ ಹುರಿಹಿಟ್ಟಿಗೆ ನೀರು ಕಲೆಸಿಕೊಂಡೆ.

"ಯಾಕ್ ಮಾವ, ಬಿ.ಪಿ. ಇದ್ದದಾ?" ಎಂದು ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿಯೇಬಿಟ್ಟಳು. ರಕ್ತ ಸಾಧುವಾಗಿಯೇ ಹರಿಯುತ್ತಿತ್ತು. ಪಟ್ಟಿ ಬಿಚ್ಚುವಾಗ ಅವಳಿಗೆ ಹೊಳೆಯಿತು. ಎಷ್ಟಾದರೂ ನ್ಯಾಯದ ಮನೆಯಲ್ಲಿ ಬೆಳೆದ ಹುಡುಗಿ. "ಓ" ಎಂದಳು. ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು.

"ಏನಂತೆ?" ಎಂದ ಮಾದೇಶ.

"ಮಾವ ನ್ಯಾಯಕ್ಕೆ ಬಂದವ್ರೆ."

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಸರಿ" ಎಂದ. ಯಾರೂ ಜಗಳ ತೆಗೆಯಲಿಲ್ಲ. ಇಬ್ಬರೂ ಮೆಲ್ಲಗೆ ಉಂಡರು, ತಟ್ಟೆಗಳನ್ನು ತಾವೇ ತೊಳೆದಿಟ್ಟರು. ನಾನು ಹುರಿಹಿಟ್ಟು ನುಂಗುತ್ತ, ಇದು ಸುಲಭದ ಕಸುಬಲ್ಲ ಎಂದುಕೊಂಡೆ.

ನೀರಿನ ದಂಡೆ

ಮಾರನೆಯ ದಿನ ಕಾರಿಗೆ ಡೇರೆ, ಒಲೆ, ಗಾಳದ ಕೋಲುಗಳನ್ನು ತುಂಬಿ ಹೊರಟೆವು. ಬೆಟ್ಟಗಳ ನಡುವೆ ಕಪ್ಪಗೆ ಮಲಗಿದ್ದ ಒಂದು ದೊಡ್ಡ ಕೆರೆ. ಅದರ ಹೆಸರು ಹೇಳಬೇಕಾದರೆ ಗಂಟಲಲ್ಲಿ ಸ್ವಲ್ಪ ಕಫ ಇರಬೇಕು, ನನಗೆ ಅಲ್ಲಿ ಹೋದ ಮೇಲೆ ಅದೂ ಒದಗಿತು.

ನಮ್ಮ ಕಡೆ ಮೀನು ಹಿಡಿಯುವುದೆಂದರೆ ಬಿದಿರುಕೋಲು, ಎರೆಹುಳು, ಒಂದು ಬೀಡಿ ಕಟ್ಟು, ಕೆರೆ ಏರಿಯ ಮೇಲೆ ಕುಕ್ಕರಗಾಲು. ಇಲ್ಲಿ ಎದೆಯವರೆಗೆ ರಬ್ಬರಿನ ಚಡ್ಡಿ ತೊಟ್ಟು ಐಸಿನಂಥ ನೀರಿಗೆ ಇಳಿಯುತ್ತಾರೆ. ಗಾಳಕ್ಕೆ ಹುಳವಿಲ್ಲ. ಹಕ್ಕಿಯ ಪುಕ್ಕ, ಬಣ್ಣದ ದಾರ ಸುತ್ತಿ ಹುಳದ ಹಾಗೆ ಮಾಡಿರುತ್ತಾರೆ. ನಾವು ಮೀನಿಗೆ ಊಟ ಹಾಕಿ ಹಿಡಿಯುತ್ತೇವೆ, ಇವರು ಊಟದ ಆಸೆ ತೋರಿಸಿ ಹಿಡಿಯುತ್ತಾರೆ. ಯಾವುದು ಹೆಚ್ಚು ಸಭ್ಯತೆ ಎಂಬುದನ್ನು ಮೀನೇ ಹೇಳಬೇಕು.

ಮಾದೇಶ ಆ ನೀರಿನಲ್ಲಿ ನಿಂತು ದಾರವನ್ನು ತಲೆಯ ಮೇಲೆ ಬೀಸುವುದನ್ನು ನೋಡಿದಾಗ ಮಾತ್ರ ನನಗೆ ಮೊದಲ ಸಲ ಅವನು ನಮ್ಮ ಕಡೆಯ ಹುಡುಗನಂತೆ ಕಂಡ. ಬೆನ್ನು ನೆಟ್ಟಗಾಗಿತ್ತು. ದಂಡೆಯಲ್ಲಿ ಕುಳಿತ ರೇಣುಕ ಮೆಲ್ಲಗೆ ಹೇಳಿದಳು: "ಅವ್ನು ನೋಡ್ಕೊತಿದ್ದ ಮನೇಲಿ ಒಬ್ಬ ತಾತ ಇದ್ರು ಮಾವ. ಅವ್ರೇ ಕಲ್ಸಿದ್ದು. ಕೋಲೂ ಅವ್ರ್ದೇ. ಚಳಿಗಾಲ್ದಲ್ಲಿ ತೀರ್ಕೊಂಡ್ರು. ಅವ್ರ್ ಜೊತೆ ಬುಟ್ರೆ ಈ ದೇಸ್ದಲ್ಲಿ ಅವ್ನು ಯಾರ್ ಜೊತೇಲೂ ನಗ್ತಿರ್ಲಿಲ್ಲ."

"ನಿನ್ ಜೊತೆ?"

ಅವಳು ಹುಲ್ಲಿನ ಎಸಳೊಂದನ್ನು ಕಿತ್ತು ಸೀಳಿದಳು.

ನಾಯಿ ಹಿಡಿದುಕೊಂಡು ಹೋಗುವವರೆಲ್ಲ ನಿಂತು ಒಂದೇ ಮಾತು ಹೇಳುತ್ತಿದ್ದರು: ಇವತ್ತು ಎಂಥ ಒಳ್ಳೆಯ ದಿನ! ಆಗ ಸಣ್ಣಗೆ ಮಳೆ ಹನಿಯುತ್ತಿತ್ತು. ನಾವು ದಾರಿಯಲ್ಲಿ ಸಿಕ್ಕವರಿಗೆ ಊಟ ಆಯ್ತಾ ಎಂದು ಕೇಳಿದಂತೆ ಅವರು ಆಕಾಶವನ್ನು ವಿಚಾರಿಸಿಕೊಳ್ಳುತ್ತಾರೆ. ಯಾರಾದರೂ ಊಟದ ವಿಚಾರ ಕೇಳಿದ್ದರೆ ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಡುತ್ತಿದ್ದೆ. ಬೆಲ್ಲ, ಹಿಟ್ಟು, ಹಿಟ್ಟು, ಬೆಲ್ಲ ಎಂದು ಹೊಟ್ಟೆ ಬೇಸತ್ತಿತ್ತು.

ಮಾದೇಶ ಕೋಲನ್ನು ನನ್ನ ಕೈಗೆ ಕೊಟ್ಟ. ಬೀಸಲು ಬರಲಿಲ್ಲ. ಒಂದು ಸಲ ಗಾಳ ನನ್ನದೇ ಮಂಕಿ ಟೋಪಿಗೆ ಸಿಕ್ಕಿ, ನಾನು ನನ್ನನ್ನೇ ಹಿಡಿದೆ. ಕೊನೆಗೆ ಬೇಗೂರಿನ ಕೆರೆಯಂತೆಯೇ ಸುಮ್ಮನೆ ಬಿಟ್ಟು ಕುಳಿತೆ. ಕುಳಿತ ಮೇಲೆ ಮೀನು ಬಂತು. ಮೈಮೇಲೆ ಕೆಂಪು ಚುಕ್ಕಿ, ಹೊಟ್ಟೆ ಬೆಣ್ಣೆ ಬಣ್ಣ. ಅದನ್ನು ಕಂಡಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಪ್ರಕೃತಿಪ್ರೇಮದಿಂದಲ್ಲ.

"ಬುಡ್ಬೇಕು ಮಾವ" ಎಂದ ಮಾದೇಶ.

"ಏನ ಬುಡದು?"

"ಮೀನ. ಇಲ್ಲಿ ಅಂಗೇ. ಹಿಡಿಯದು, ನೋಡದು, ಬುಡದು."

"ಅಯ್ಯೋ ಇವ್ನೆ! ಇದು ನಿಮ್ಮನೆ ಉಪ್ಪಲ್ಲ ಕಣಪ್ಪ, ನೀರಿಂದು. ನಾನು ಉಣ್ಣಬೌದು. ಕಟ್ಟಳೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ!"

ಮೀನನ್ನು ಎರಡು ಕೈಯಲ್ಲೂ ಅವುಚಿಕೊಂಡು ನಾನು ಕಟ್ಟಳೆ ಹೇಳುತ್ತಿದ್ದ ರೀತಿಗೆ ರೇಣುಕ ಬಿದ್ದು ಬಿದ್ದು ನಕ್ಕಳು. ನಮ್ಮ ಅಕ್ಕನ ನಗುವೇ, ಮೂಗಿನಿಂದ ಬರುವಂಥದು. ಮಾದೇಶ ತಿರುಗಿ ಅವಳು ನಗುವುದನ್ನು ನೋಡಿದ. ಹಳೆಯ ಸಿನಿಮಾ ಪೋಸ್ಟರನ್ನು ನೋಡುವಂತೆ ನೋಡಿದ. ಅವಳಿಗೆ ಅದು ಗೊತ್ತಾಗಿ ನಗು ನಿಲ್ಲಿಸಿದಳು. ಆ ಒಂದು ಗಳಿಗೆಯ ಆಸೆಗಾಗಿ ನಾನು ಮೀನನ್ನು ಒಪ್ಪಿಸಿದೆ.

ಮಾದೇಶ ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ, ಮೀನನ್ನು ನೀರಿನಲ್ಲಿ ಅಂಗೈ ಮೇಲೆ ಮಲಗಿಸಿಕೊಂಡ. ಬಿಡಲಿಲ್ಲ. ಸುಮ್ಮನೆ ಹಿಡಿದು ನಿಂತ.

"ಇನ್ಯಾಕ್ಲಾ ಹಿಡ್ಕೊಂಡಿದ್ದೀಯ? ನಂಗೆ ಆಸೆ ತೋರ್ಸಕ್ಕಾ?"

"ದಿಢೀರ್ ಅಂತ ಬುಟ್ರೆ ಸಾಯ್ತದೆ ಮಾವ. ದಣಿದಿರ್ತದೆ. ಉಸ್ರು ಬರೋಗಂಟ ಹಿಡ್ಕಂಡಿರ್ಬೇಕು. ಆಮೇಲೆ ಅದೇ ಓಯ್ತದೆ."

ಅದೇ ಹೋಯಿತು. ನಾನು ಹುರಿಹಿಟ್ಟಿನ ಚೀಲ ಬಿಚ್ಚಿದೆ.

ಡೇರೆ

ಬಯಲಲ್ಲಿ ಮಲಗುವುದನ್ನು ಜನ ಸಂತೋಷಕ್ಕಾಗಿ ಮಾಡುತ್ತಾರೆಂಬುದು ನನಗೆ ಹೊಸ ಸಂಗತಿ. ನಮ್ಮ ಹೊಲದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ, ತಮಟೆ ಪಕ್ಕದಲ್ಲಿಟ್ಟುಕೊಂಡು, ಜೋಳಕ್ಕೆ ಬರುವ ಹಂದಿ ಕಾಯುತ್ತ ಮಲಗಿದವನು ನಾನು. ಅದಕ್ಕೆ ಕ್ಯಾಂಪಿಂಗ್ ಎಂಬ ಹೆಸರಿದೆಯೆಂದು ಆಗಲೇ ಗೊತ್ತಿದ್ದರೆ ಇಷ್ಟು ಶಾಪ ಹಾಕುತ್ತಿರಲಿಲ್ಲ.

ಡೇರೆ ಒಂದೇ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ನಡುವೆ ಸೋದರಮಾವ ಎಂದು ನಿಶ್ಚಯವಾಯಿತು. ಇದನ್ನು ಯಾರೂ ಹೇಳಲಿಲ್ಲ, ಹಾಸಿಗೆಗಳೇ ಹಾಗೆ ಬಿದ್ದವು. ಗೂಟ ಹೊಡೆಯುತ್ತಿರುವಾಗ ಬೆಟ್ಟದ ಕಡೆಯಿಂದ ಗಾಳಿ ನುಗ್ಗಿ ಡೇರೆಯನ್ನು ಎತ್ತಿಕೊಂಡು ನೀರಿನ ಕಡೆಗೆ ಹೊರಟಿತು. ಇಬ್ಬರೂ ಓಡಿದರು.

"ಹಿಡ್ಕಳಮ್ಮಿ! ಆ ಕಡೆ ಹಿಡ್ಕ!"

"ಹಿಡ್ದಿವ್ನಿ ಕಣ! ಬುಟ್ಟಿದ್ದು ನೀನು!"

"ನಾನೆಲ್ಲಿ ಬುಟ್ಟೆ? ಗೂಟ ಹೊಡಿ ಅಂದ್ರೆ ಫೋನ್ ನೋಡ್ತಾ ನಿಂತವ್ಳು ಯಾರು?"

"ಓಹೋಹೋ! ಬಂದ್ಬುಟ್ಟ ದೊಡ್ ಇಂಜಿನೇರು! ಗೂಟ ಯಾವ್ದು ಕೋಲು ಯಾವ್ದು ಗೊತ್ತಿಲ್ಲ!"

ಆಹಾ! ನಾನು ಒಂದು ಬಂಡೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ ತಲೆದೂಗಿದೆ. ಮೊದಲನೆಯ ಕಟ್ಟಳೆ ತಾನಾಗಿಯೇ ನಡೆಯುತ್ತಿತ್ತು. ಊರ ಮಾತು ಬಾಯಿಗೆ ಬಂದಿತ್ತು, ಏಕವಚನ ಬಂದಿತ್ತು. ಇನ್ನೇನು ಒಬ್ಬರ ಅಪ್ಪನನ್ನೊಬ್ಬರು ನೆನೆಯಬೇಕು, ಆಮೇಲೆ ಅವಳು ಅಳಬೇಕು, ಅವನು ಟವೆಲ್ ಕೊಡಬೇಕು, ಉಪ್ಪು ನನ್ನ ತಟ್ಟೆಗೆ ಬರಬೇಕು. ಬಸ್ಸಾರಿನ ವಾಸನೆ ಮೂಗಿಗೆ ಬಡಿದಂತಾಯಿತು.

ಗಾಳಿ ನಿಂತಿತು. ಗೂಟ ಹೊಡೆದಾಯಿತು. "ಸಾರಿ" ಎಂದ ಅವನು. "ಪರ್ವಾಗಿಲ್ಲ" ಎಂದಳು ಅವಳು. ಇಬ್ಬರೂ ಎರಡು ದಿಕ್ಕಿಗೆ ಹೋಗಿ ಕೈ ತೊಳೆದುಕೊಂಡರು. ಗಾಳಿ ಬೀಸಲಿ ದೇವರೇ ಎಂದು ಆ ದೇಶದಲ್ಲಿ ಪ್ರಾರ್ಥಿಸಿದವನು ನಾನೊಬ್ಬನೇ ಇರಬೇಕು.

ಸಂಜೆ ಮುಗಿಯುವುದೇ ಇಲ್ಲ ಅಲ್ಲಿ. ಸೂರ್ಯ ಮುಳುಗಲು ಬೆಟ್ಟದ ಹತ್ತಿರ ಬಂದು, ಏನೋ ಮರೆತವನಂತೆ ನಿಂತಿರುತ್ತಾನೆ. ಆ ಬೆಳಕಿನಲ್ಲಿ ಜಿಂಕೆಗಳ ಹಿಂಡೊಂದು ಇಳಿದು ಬಂತು. ನಮ್ಮ ಕಡವೆಯಷ್ಟು ಎತ್ತರ, ಕೆಂಪು ಮೈ. ಪಕ್ಕದ ಡೇರೆಯ ಮುದುಕ ಮುದುಕಿ ದುರ್ಬೀನು ಹಿಡಿದು ಉಸಿರು ಬಿಗಿದರು. ರೇಣುಕ ಬಾಯಿಯ ಮೇಲೆ ಬೆರಳಿಟ್ಟಳು. ಹಿಂಡಿನ ಮುಂದಿದ್ದ ಹೆಣ್ಣು ಹಸಿರು ಹುಲ್ಲಿಗೆ ಬಾಯಿ ಹಾಕಿದ್ದೇ ತಡ, ನನ್ನ ಒಳಗಿದ್ದ ಹೊಲದ ಕಾವಲುಗಾರ ಎದ್ದ. ಅವನನ್ನು ನಾನು ತಡೆಯುವುದರೊಳಗೆ, "ಹೋಯ್! ಹೋ ಹೋ ಹೋ!" ಎಂದು ಕೂಗಿ, ಅನ್ನದ ಪಾತ್ರೆಗೆ ಸೌಟಿನಿಂದ ಬಡಿಯುತ್ತ ಓಡಿಹೋಗಿದ್ದೆ.

ಜಿಂಕೆಗಳು ಬೆಟ್ಟದ ಆಚೆಗೆ ಹಾರಿದವು. ಕೆರೆ ಸದ್ದಡಗಿತು. ಮುದುಕಿ ದುರ್ಬೀನು ಇಳಿಸಿ ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ಒಂದು ಕಾಡುಪ್ರಾಣಿಯನ್ನು ಇಷ್ಟು ಹತ್ತಿರದಿಂದ ಕಂಡ ವಿಸ್ಮಯವಿತ್ತು. ಮಾದೇಶ ಹೋಗಿ ಕ್ಷಮೆ ಕೇಳಿ ಬಂದ. ಏನು ಹೇಳಿದೆ ಎಂದು ಕೇಳಿದರೆ, "ನಮ್ಮೂರಲ್ಲಿ ಅವು ಬೆಳೆ ಉಳ್ಸಾಕಿಲ್ಲ, ಅದ್ಕೇ ಅಂದೆ. ಅವ್ರು, 'ಪಾಪ' ಅಂದ್ರು" ಎಂದ. ಆಚೆ ತಿರುಗಿ, "ನಂಗೂ ಓಡಿಸ್ಬೇಕು ಅನ್ನಿಸ್ತು ಮಾವ. ಕೈ ಎತ್ಬುಟ್ಟಿದ್ದೆ" ಎಂದ.

ಹಕ್ಕಿ ನೋಡುವ ಗುಡಿಸಲು

ಮಾರನೆಯ ದಿನ ಗಿಡುಗ ನೋಡಲು ಹೋದೆವು. ಮೀನು ಹಿಡಿದು ಬದುಕುವ ದೊಡ್ಡ ಗಿಡುಗ. ಅದರ ಗೂಡಿಗೆ ಎದುರಾಗಿ, ದೂರದಲ್ಲಿ, ಹಲಗೆಯ ಗುಡಿಸಲು. ಗೋಡೆಯಲ್ಲಿ ಉದ್ದಕ್ಕೆ ಸಂದಿ. ಜನ ಅಲ್ಲಿ ಸಾಲಾಗಿ ಕುಳಿತು, ಗರ್ಭಗುಡಿಯ ಮುಂದಿನಷ್ಟು ಭಕ್ತಿಯಿಂದ ಒಣಮರವೊಂದನ್ನು ನೋಡುತ್ತಿರುತ್ತಾರೆ. ಗಂಟೆಯಿಲ್ಲ, ಮಂಗಳಾರತಿಯಿಲ್ಲ, ಪ್ರಸಾದವೂ ಇಲ್ಲ. ಕೊನೆಯದರಿಂದ ನನಗೆ ತುಂಬ ನೋವಾಯಿತು.

ವಿವರ ಹೇಳುವ ಹೆಂಗಸು ಪಿಸುಮಾತಿನಲ್ಲಿ ಹೇಳಿದ್ದನ್ನು ರೇಣುಕ ನನಗೆ ಕನ್ನಡ ಮಾಡಿದಳು. ಈ ಜೋಡಿ ಚಳಿಗಾಲಕ್ಕೆ ಆಫ್ರಿಕಕ್ಕೆ ಹೋಗುತ್ತದೆ. ಗಂಡೊಂದು ಕಡೆ, ಹೆಣ್ಣೊಂದು ಕಡೆ. ಒಂದರ ಸುದ್ದಿ ಒಂದಕ್ಕಿಲ್ಲ. ವಸಂತ ಬಂದರೆ ಎರಡೂ ಹಾರಿಬಂದು ಇದೇ ಮರದ ಇದೇ ಗೂಡಿನಲ್ಲಿ ಸೇರುತ್ತವೆ. ನಾವು ನೋಡುತ್ತಿದ್ದಂತೆಯೇ ಗಂಡು ಕಾಲಲ್ಲಿ ಮೀನು ಹಿಡಿದು ಬಂದು ಹೆಣ್ಣಿನ ಮುಂದೆ ಇಳಿಸಿತು. ಗುಡಿಸಲಿನವರೆಲ್ಲ ಒಮ್ಮೆಗೇ ನಿಟ್ಟುಸಿರು ಬಿಟ್ಟರು.

ಇಷ್ಟು ಒಳ್ಳೆಯ ದೃಷ್ಟಾಂತ ತಾತನಿಗೂ ಸಿಕ್ಕಿರಲಾರದು. ಇಬ್ಬರನ್ನೂ ಹೊರಗೆ ಕರೆತಂದು, ಗಂಟಲು ಸರಿಪಡಿಸಿಕೊಂಡು ನ್ಯಾಯಸ್ಥಾನದ ದನಿಯಲ್ಲಿ ಹೇಳಿದೆ: "ನೋಡಿದ್ರಾ? ರೆಕ್ಕೆ ಇರೋ ಜೀವ. ಎಲ್ಲಿಗ್ ಬೇಕಾದ್ರೂ ಓಗ್ಬೌದು. ಆದ್ರೂ ಸಮುದ್ರ ದಾಟ್ಕೊಂಡು ತನ್ ಜೋಡಿ ಹತ್ರುಕ್ಕೇ ಬತ್ತದೆ. ಮನುಸ್ರಾಗಿ ನಮ್ಗೆ..."

"ಮಾವ" ಎಂದಳು ರೇಣುಕ, ತುಂಬ ಮೆತ್ತಗೆ. "ಆಯಮ್ಮ ಇನ್ನೊಂದ್ ಮಾತೂ ಏಳಿದ್ರು. ನಾನೇ ನಿಮ್ಗೆ ಏಳ್ಲಿಲ್ಲ. ಅವು ಬರಾದು ಗೂಡಿಗಂತೆ. ಒಂದಕ್ಕೋಸ್ಕರ ಒಂದಲ್ಲ."

ಮಾದೇಶ ತಲೆ ಬಗ್ಗಿಸಿ ಬೂಟಿನ ಕೆಸರು ನೋಡುತ್ತಿದ್ದ. "ನನ್ ಗೂಡು ಅಲ್ಲಿ ಊರಲ್ಲಿ ಅದೆ ಮಾವ" ಎಂದ. ಗುಡಿಸಲಿನೊಳಗಿಂದ ಯಾರೋ ನಮಗೆ, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದರು.

ಒಲೆ

ಕೊನೆಯ ಬೆಳಗ್ಗೆ ನಾನು ದಂಡೆಯ ಮೇಲೆ ಟವೆಲ್ ಹಾಸಿದೆ. ನ್ಯಾಯ ಕೂರಿಸುವುದೆಂದರೆ ಅದೇ. ಎದುರಿನ ಪೊದೆಯಲ್ಲಿ ಯಾವುದೋ ಹಕ್ಕಿ ಎರಡೇ ಸ್ವರದಲ್ಲಿ ಕೂಗುತ್ತಿತ್ತು. ಕೆರೆಯ ಮೇಲೆ ಮಂಜು ಏಳುತ್ತಿತ್ತು. ಇಂಥ ಚೆಂದದ ಜಾಗದಲ್ಲಿ ಇಂಥ ಕೆಲಸಕ್ಕೆ ಯಾರೂ ಕುಳಿತಿರಲಾರರು. ರೇಣುಕ ಸಣ್ಣ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಲೇ ಕುಳಿತಳು.

"ಹೇಳು ಮಾದೇಶ. ಏನವಳ ತಪ್ಪು?"

"ಏನಿಲ್ಲ ಮಾವ. ಒಳ್ಳೇವ್ಳು. ನಾನು ಊರ್ಗೋಯ್ತೀನಿ ಅಷ್ಟೇ. ಇಲ್ಲಿ ಮೀನ್ ಹಿಡಿಯೋ ದಿನ ಬದುಕಿರ್ತೀನಿ. ಮಿಕ್ಕ ದಿನ ಎದ್ದು ಓಡಾಡ್ತಿರ್ತೀನಿ."

"ನೀನು ಹೇಳಮ್ಮಿ. ಏನವನ ತಪ್ಪು?"

"ಅವ್ನ್ದೇನು ಇಲ್ಲ. ನಾನ್ ಬರಾಕಿಲ್ಲ ಮಾವ. ಇಲ್ಲಿ ನನ್ನ ಕೆಲ್ಸಕ್ಕೆ ಒಂದು ಬೆಲೆ ಅದೆ. ಅಲ್ಲಿ ನಾನು ಯಾರ್ದೋ ಸೊಸೆ, ಯಾರ್ದೋ ಮಗಳು. ಒಂದ್ಸಲ ಉಸ್ರಾಡಿದ್ ಮೇಲೆ ಮತ್ತೆ ಹೆಂಗ್ ಮೂಗ್ ಮುಚ್ಕಳನ?"

ಬೈಸಲು ನೋಡಿದೆ. ಅವರವರ ಅಪ್ಪಂದಿರನ್ನು ನಾನೇ ಎಳೆದು ತಂದೆ. ಮದುವೆಯಲ್ಲಿ ಆದ ಸಣ್ಣಪುಟ್ಟ ಅವಮಾನಗಳನ್ನೆಲ್ಲ ನೆನಪಿಸಿದೆ. ಇಬ್ಬರೂ ಒಬ್ಬರ ಪರವಾಗಿ ಇನ್ನೊಬ್ಬರು ಸಮಜಾಯಿಷಿ ಹೇಳಿದರು. ನ್ಯಾಯದಲ್ಲಿ ಯಾರಾದರೊಬ್ಬರು ತಪ್ಪಿರಲೇಬೇಕು. ತಪ್ಪೇ ಇಲ್ಲದ ಕಡೆ ನ್ಯಾಯಸ್ಥನಿಗೆ ಹಿಡಿಯಲು ಕೊಂಬೆಯಿಲ್ಲ.

"ಅಂಗಾರೆ ನಾನ್ ಉಣ್ಣಾಕಿಲ್ಲ" ಎಂದೆ. ಮನೆತನದ ಕೊನೆಯ ಬಾಣ.

ರೇಣುಕ ಒಲೆ ಸಣ್ಣ ಮಾಡಿದಳು. "ಮಾವ, ನಾವು ನಿಮ್ಮನ್ನ ಕರ್ಸಿದ್ದು ಯಾಕೆ ಗೊತ್ತಾ? ಕಾಗ್ದ ಪತ್ರ ಇಲ್ಲಿ ಆಫೀಸಲ್ಲಿ ಆಯ್ತದೆ. ಅಲ್ಲಿ ಯಾರೂ ನಮ್ಮನ್ನ ಕೂರ್ಸಿ ಕೇಳಾಕಿಲ್ಲ. ನಮ್ಮೋರು ಒಬ್ರು ಕೂತು, ಸರಿ ಓಗಿ ಅಂದ್ರೆ ಸಾಕು ಅಂದ್ಕೊಂಡ್ವಿ. ಇಬ್ರೂ ಸೇರ್ಕೊಂಡೇ ಅಂದ್ಕೊಂಡಿದ್ದು. ಅವ್ವ ಮೊದ್ಲೇ ನಿಮ್ಗೆ ಹೇಳಿ ಕಳ್ಸವ್ಳೆ ಅಂತ ಗೊತ್ತಿರ್ಲಿಲ್ಲ."

"ನಮ್ ಮನೇಲಿ ಬೇರೆ ಮಾಡಿದ್ದು ಇಲ್ಲ ಕಣಮ್ಮಿ."

"ಗೊತ್ತು. ನೀವು ಇರಿ ಅಂದ್ರೆ ಇರ್ತೀವಿ. ಏನ್ ಮಾವ, ನೀವ್ ಉಪಾಸ ಸಾಯ್ತೀರಿ ಅಂತಾನೇ ಇರ್ತೀವಿ. ಅವ್ನು ಥ್ಯಾಂಕ್ಸ್ ಅಂತನೆ, ನಾನು ಪರ್ವಾಗಿಲ್ಲ ಅಂತೀನಿ. ಇದ್ಬುಡ್ತೀವಿ. ಹೇಳಿ ಮಾವ."

ಅವಳು ನಿಜವಾಗಿಯೇ ಹೇಳಿದ್ದಳು. ಮಾದೇಶನೂ ನನ್ನ ಬಾಯಿಯನ್ನೇ ನೋಡುತ್ತಿದ್ದ. ಒಂದು ಮಾತು ಸಾಕಿತ್ತು. ಅಕ್ಕನ ಮುಡುಪು ಸಲ್ಲುತ್ತಿತ್ತು, ತಾತನ ಹೆಸರು ಉಳಿಯುತ್ತಿತ್ತು, ನಾನು ಜಯಶಾಲಿಯಾಗಿ ಬೇಗೂರಿನಲ್ಲಿ ಇಳಿಯುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಅಷ್ಟು ವರ್ಷ, ಯಾರು ಯಾವ ಬಸ್ಸು ಹತ್ತಬೇಕೆಂದು ಕೂಗಿದ ಬಾಯಿ ಇದು. ತೆರೆದೆ, ಮತ್ತೆ ಮುಚ್ಚಿದೆ.

ತಟ್ಟೆಯನ್ನು ಮುಂದಕ್ಕೆ ಚಾಚಿದೆ.

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮಾದೇಶ ಉಪ್ಪಿನ ಪೊಟ್ಟಣ ಬಿಚ್ಚಿದ. ಇಬ್ಬರೂ ಬೆರಳು ಕೂಡಿಸಿ ಒಂದು ಚಿಟಿಕೆ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಕೂಡುವವರು ಇಡುವುದೂ ಹೀಗೆಯೇ. ರೇಣುಕ ಉಪ್ಪಿಟ್ಟು ಬಡಿಸಿದಳು. ಅವನು ಅಳುತ್ತಿದ್ದ. ಅವಳು ತನ್ನ ಮಫ್ಲರ್ ಬಿಚ್ಚಿ ಅವನಿಗೆ ಕೊಟ್ಟಳು. ಈ ಸಲ ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ನಾನು ಉಂಡೆ. ಎಷ್ಟು ದಿನದ ಮೇಲೆ ನಾಲಿಗೆಗೆ ಉಪ್ಪು ತಾಗಿತ್ತೋ, ಆ ಉಪ್ಪಿಟ್ಟಿನಷ್ಟು ರುಚಿಯಾದ ಪದಾರ್ಥವನ್ನು ಜನ್ಮದಲ್ಲಿ ಉಂಡಿರಲಿಲ್ಲ. ಎರಡನೆಯ ಸಲವೂ ಹಾಕಿಸಿಕೊಂಡೆ. ಮನುಷ್ಯನ ದೇಹದಷ್ಟು ಮಾನಗೆಟ್ಟ ವಸ್ತು ಇನ್ನೊಂದಿಲ್ಲ.

ಬೇಗೂರು, ಮತ್ತೆ

ಬಸ್ಸಿಳಿದಾಗ ಬಿಸಿಲು ಹೆಂಚಿನಂತೆ ಕಾದಿತ್ತು. ಟೀ ಅಂಗಡಿಯವನು, "ಏನ್ ಸಾಮಿ, ಹುಲಿ ಕಂಡ್ತಾ?" ಎಂದ. ಇಲ್ಲ, ಮೀನು ಹಿಡಿದು ಬಿಟ್ಟು ಬಂದೆ ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪರದೇಶದ ಬಗ್ಗೆ ಊರಿಗೆ ಇಷ್ಟು ತಿಳಿದರೆ ಸಾಕಾಗಿತ್ತು.

ಅಕ್ಕ ಬಾಗಿಲಲ್ಲೇ ಕುಳಿತಿದ್ದಳು. ನೀರು ಕೊಟ್ಟಳು. ನನ್ನ ಮುಖವನ್ನು ಚೆನ್ನಾಗಿ ನೋಡಿದಳು, ಅವಳಿಗೆ ಮುಖ ತೋರಿಸಬಾರದವನು ತೋರಿಸುತ್ತ ನಿಂತಿದ್ದೆ. ಬಾಯಿಬಿಟ್ಟು ಅವಳು ಜೋಡಿಯಾದರಾ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ರೀತಿ ಬೇರೆ.

"ಅವ್ರ ಮನೆ ಉಪ್ಪು ಉಂಡ್ಯಾ?"

"ಉಂಡೆ ಕಣಕ್ಕ."

ಅವಳ ಕೈ ತಾನಾಗಿಯೇ ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಎದ್ದು ಜೋಡಿಯಾಯಿತು. ನಮಸ್ಕಾರ ಮುಗಿಯುವ ಮುನ್ನವೇ ನಾನು ಹೇಳಬೇಕಾಯಿತು. "ಕೂಡಿಸಿ ಉಣ್ಲಿಲ್ಲ ಅಕ್ಕ. ಬೇರೆ ಮಾಡ್ಬುಟ್ಟು ಉಂಡೆ. ಅವ್ರು ಇರ್ತೀವಿ ಅಂದ್ರು. ನಾನೇ ಬುಟ್ಬುಟ್ಟೆ."

ಕೈಗಳು ಜೋಡಿಸಿದ್ದಂತೆಯೇ ನಿಂತವು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ದಾರಿಯಿತ್ತು, ಅದು ನನ್ನ ಕಸುಬು. ಅವಳು ಕೈ ಇಳಿಸಿ, "ಹಸ್ಕೊಂಡ್ ಬಂದಿದ್ದೀಯ. ತೀರಿದ್ ಮೇಲೆ ನಮ್ಮನೇಲಿ ಉಣ್ಣಕ್ಕೇನು, ಕೂತ್ಕ" ಎಂದು ಒಳಗೆ ಹೋದಳು.

ಮುದ್ದೆ ತಂದಿಟ್ಟಳು. ಬಸ್ಸಾರು ಬಿಟ್ಟಳು. ಎದುರಿಗೆ ಕಂಬಕ್ಕೊರಗಿ ಕುಳಿತು, ನಾನು ಉಣ್ಣುವುದನ್ನೇ ನೋಡುತ್ತಿದ್ದಳು.

ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ನಾನು ಕೇಳಲಿಲ್ಲ. ತಟ್ಟೆ ಬರಿದಾಗುವವರೆಗೂ ಉಂಡೆ.